ಪೈಸಾರಿ

ಕೂಡ್ಲೂರಿನ ಗುಜರಿ ಅಂಗಡಿಯ ತಕ್ಕಡಿಗೆ
ಬಿದ್ದಾಗ ಸದ್ದಾಯಿತು,
ಒಣಗಿದ ಚೆರ್ರಿ ಕಣಕ್ಕೆ ಸುರಿದ ಹಾಗೆ.
'ಪ್ಲಾಸ್ಟಿಕ್ಕೇ ತಾನೆ' ಎಂದ ಮೊಯ್ದು,
'ಕಿಲೋಗೆ ಇಪ್ಪತ್ತೆರಡು. ಮೂವತ್ತೊಂದು ಕಿಲೋ.
ಗೋಣಿ ಮಾತ್ರ ವಾಪಸ್ ಕೊಡಬೇಕು.'

ಮೂರು ಗೋಣಿ ಆಟದ ಇಟ್ಟಿಗೆ
ಆಟೋದಲ್ಲಿ ನನ್ನ ತೊಡೆಗೆ ಆನಿಕೊಂಡು ಬಂದವು:
ಯಾರದೋ ಕೋಟೆ, ಯಾರದೋ ವಿಮಾನ,
ಯಾರೋ ಕಚ್ಚಿ ನೋಡಿದ ಕೆಂಪು ತುಂಡು.
ಕೇಳಿದವರಿಗೆ ಅಂಗನವಾಡಿಗೆ ಎಂದೆ.
ಸುಳ್ಳು.

ನಾನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನವನು.
ಜಮ್ಮಾಕ್ಕೊಂದು ಕಪಾಟು, ಬಾಣೆಗೊಂದು, ಸಾಗುವಿಗೊಂದು,
ಉಂಬಳಿಗೆ ಇಲಿ ತಿಂದ ಕೆಳಗಿನ ಹಲಗೆ.
ಹದಿನೆಂಟು ವರ್ಷ, ನನ್ನ ಕೈಯಲ್ಲಿ
ಒಂದು ಕಡತ ದಾರಿ ತಪ್ಪಿದ್ದಿಲ್ಲ.
ಆ ಧೈರ್ಯಕ್ಕೆ ಬಣ್ಣಕ್ಕೊಂದು ಬಕೆಟ್ ಇಟ್ಟೆ.
ಕೆಂಪಿಗೆ ಕೆಂಪು, ಹಳದಿಗೆ ಹಳದಿ,
ಒಂಬತ್ತು ರಾತ್ರಿ. ಸೊಂಟ ಹಿಡಿಯಿತು.

ಹತ್ತನೆಯ ರಾತ್ರಿ
ಕಟ್ಟುತ್ತಿದ್ದ ಬಾಗಿಲಿಗೆ ಬಿಜಾಗರಿ ಬೇಕಾಯಿತು,
ಕಪ್ಪನೆಯದು, ಉಗುರಿನಷ್ಟು.
ಕೈ ಹಾಕಿದೆ. ಕಪ್ಪಿನೊಳಗೆ ಕಪ್ಪು,
ಅಮಾವಾಸ್ಯೆಯಲ್ಲಿ ಕಾಗೆ ಎಣಿಸಿದ ಹಾಗೆ.

ನಾಟಿ ಮೊಟ್ಟೆ ಕೊಡಲು ಬಂದ ತೋಡಿನಾಚೆಯ ರುಕಿಯಾ
ಬಾಗಿಲಲ್ಲೇ ನಿಂತು ನಕ್ಕಳು.
ಇಪ್ಪತ್ತಾರು ವರ್ಷ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಫಿ ಬೀಜ ಆರಿಸಿದವಳು,
ಊರ ಸುದ್ದಿ ಹೇಳುತ್ತಲೇ
ಕರಿ ಬೀಜ ಎತ್ತಿ ಬಿಸಾಕುವ ಬೆರಳಿನವಳು.
'ಸಾರ್, ಬಣ್ಣ ಕಣ್ಣಿಗೆ ತಾನಾಗಿ ಸಿಗ್ತದೆ.
ಆಕಾರ ಹಾಗೆ ಸಿಗೋದಿಲ್ಲ.
ಮೊದಲು ಜರಡಿ ಹಿಡೀರಿ.'

ಮರುದಿನ ತಂದಳು ಎರಡು ಜರಡಿ, ಅಂಚು ತುಕ್ಕು.
ನನ್ನ ಒಂಬತ್ತು ರಾತ್ರಿ ಒಂದೇ ಏಟಿಗೆ
ಚಾಪೆಯ ಮೇಲೆ ಬೋರಲು.
ಎಂಟು ಗುಬುಟಿನದು ಎ, ನಾಲ್ಕರದು ಬಿ,
ಗುಂಡಗಿನ ಚಕ್ರವೆಲ್ಲ ಪೀಬೆರಿ,
ಮುರಿದದ್ದು ಬಿಟ್ಸ್. ಅವಳ ಲೆಕ್ಕ ಅದು.
ಅವಳ ಕೈ ಜರಡಿ ಕುಲುಕಿದರೆ
ಇಟ್ಟಿಗೆಗಳಿಗೆ ತಮ್ಮ ಜಾಗ ನೆನಪಾಗುತ್ತಿತ್ತು.
ನನ್ನ ಕೈ ಕುಲುಕಿದರೆ ಹಾರಿ ಮಂಚದಡಿಗೆ.

ಜೇನಿನ ಬಾಟಲಿ, ಹೋಂಮೇಡ್ ಚಾಕೊಲೇಟಿನ ಖಾಲಿ ಡಬ್ಬಿ,
ಎಷ್ಟು ತೊಳೆದರೂ ಹುಳಿ ಬಿಡದ ಕಾಚಂಪುಳಿ ಶೀಷೆ.
ಕಿಟಕಿಗಳನ್ನು ಅದರಲ್ಲಿಟ್ಟೆ.
ಈಗಲೂ ಯಾವ ಕಿಟಕಿ ಮೂಸಿದರೂ ಹಲ್ಲು ಜುಮ್ಮೆನ್ನುತ್ತದೆ.

ಒಂದು ಡಬ್ಬಿ ಉಳಿಯಿತು,
ಯಾವ ಜರಡಿಯ ಮಾತೂ ಕೇಳದವರಿಗೆ:
ಕೈಯಿಲ್ಲದ ಮನುಷ್ಯ, ಅರ್ಧ ಮೀನು,
ಬೇರೆ ಕಂಪನಿಯ ಸಡಿಲು ಇಟ್ಟಿಗೆ,
ನಿಜವಾದ ಒಂದು ಕಾಫಿ ಬೀಜ.
ಚೀಟಿಯಲ್ಲಿ ದುಂಡಗೆ ಬರೆದು ಅಂಟಿಸಿದೆ: ಪೈಸಾರಿ.
ಕಚೇರಿಯ ತಮಾಷೆ.

ರುಕಿಯಾ ಓದಿದಳು. ನಗಲಿಲ್ಲ.
ಅವಳ ಮನೆ ನಿಂತಿರುವುದು ಪೈಸಾರಿಯಲ್ಲಿ.
ಹಕ್ಕುಪತ್ರದ ಅರ್ಜಿ ನನ್ನ ಕಪಾಟಿನಲ್ಲಿ
ಹನ್ನೊಂದು ವರ್ಷದಿಂದ
ದಾರಿ ತಪ್ಪಿಲ್ಲ, ದಾರಿ ಹಿಡಿದೂ ಇಲ್ಲ.
ಅವಳು ಅದನ್ನು ಯಾವತ್ತೂ ಕೇಳಿದವಳಲ್ಲ,
ಆವತ್ತೂ ಕೇಳಲಿಲ್ಲ.
ಮೀನಿನ ಉಳಿದರ್ಧ ಹುಡುಕತೊಡಗಿದಳು.

ಕೊನೆಯ ಗೋಣಿಯ ತಳದಲ್ಲಿ
ಒಂದಕ್ಕೊಂದು ಕಚ್ಚಿಕೊಂಡ ಏಳು ಇಟ್ಟಿಗೆ:
ಎರಡು ಗೋಡೆ, ಸೊಟ್ಟ ಬಾಗಿಲು, ಸೂರಿಲ್ಲ.
ಯಾವ ಮಗು ಕಟ್ಟಿ, ಯಾವ ಊಟಕ್ಕೆ ಎದ್ದು ಹೋಯಿತೋ.
ಸಂದಿಗೆ ಉಗುರು ತೂರಿಸಿ ಕೇಳಿದೆ,
ಬಿಡಿಸಿದರೆ ಎರಡು ಎ, ಐದು ಬಿ, ಹಾಕಲಾ?
'ಕಟ್ಟಿದ್ದನ್ನ ಬಿಡಿಸ್ಬೇಡಿ ಸಾರ್.'
ಅಷ್ಟೇ ಅಂದಳು. ಜರಡಿ ಬಡಿದು ಧೂಳು ಕೊಡವಿ
ತೋಡು ದಾಟಿ ಹೋದಳು.

ಅದೀಗ ಟಿವಿಯ ಮೇಲಿದೆ, ಚೀಟಿಯಿಲ್ಲದೆ.
ಬಿಜಾಗರಿ ಸಿಕ್ಕಿತು; ಕತ್ತಲಲ್ಲೂ ಸಿಗುತ್ತದೆ.

ಸೋಮವಾರ ರೆಕಾರ್ಡ್ ರೂಮಿನ ಬೀಗ ತೆಗೆದು
ಹೆಸರಿಲ್ಲದ ಆ ಕಪಾಟಿಗೆ ಮೊಣಕೈವರೆಗೆ ಕೈ ಹಾಕಿದೆ.
ಖಾಕಿಯೊಳಗೆ ಖಾಕಿ.